ಗುಬ್ಬಿ ಗೇಟಿನ ಮನ್ಸೂರ್ ಸಾಬರು ಮತ್ತು ಎರಡು ಸೀಟಿನ ಕಾರು

ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ಗ್ಯಾರೇಜು ಇಟ್ಟುಕೊಂಡಿರುವ ಮನ್ಸೂರ್ ಅಲಿಯವರನ್ನು ಒಳ್ಳೆಯ ಮನುಷ್ಯ ಎಂದು ಯಾರಾದರೂ ಕರೆದದ್ದನ್ನು ನಾನು ಕೇಳಿಲ್ಲ. ಒಳ್ಳೆಯ ಮೆಕ್ಯಾನಿಕ್ ಎನ್ನುತ್ತಾರೆ, ಅದನ್ನೂ ಮುಖ ಗಂಟಿಕ್ಕಿಕೊಂಡೇ. ಗಾಡಿ ತಂದವನು ಬಾಗಿಲು ತೆಗೆದು ಕೆಳಗಿಳಿಯುವ ಮೊದಲೇ "ಯಾವ ಕತ್ತೆ ಮುಟ್ಟಿದ್ದು ಇದನ್ನ?" ಎಂದು ಕೇಳುವುದು ಅವರ ಪದ್ಧತಿ. ಬಹಳ ಸಲ ಆ ಕತ್ತೆ ಗಾಡಿಯ ಮಾಲೀಕನೇ ಆಗಿರುತ್ತಿದ್ದ. ಆದರೂ ಜನ ಬರುತ್ತಿದ್ದರು. ಭಾನುವಾರ ಬಂತೆಂದರೆ ಬೆಂಗಳೂರಿನಿಂದ, ಹಾಸನದಿಂದ ಹಳೆಯ ಓಟದ ಕಾರುಗಳನ್ನು ತಂದು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಬೈಸಿಕೊಳ್ಳುತ್ತಿದ್ದರು.

ನಾನು ಗುರುಸಿದ್ದಯ್ಯ. ಕುಣಿಗಲ್ಲಿನ ಒಂದು ಖಾಸಗಿ ಐಟಿಐನಲ್ಲಿ ಮೋಟಾರು ವಿಭಾಗದ ಮೇಷ್ಟ್ರು. ನನ್ನ ಹಳೆಯ ಕಾರಿನ ಎಂಜಿನ್ ಹೆಡ್ ಕೆಟ್ಟುಹೋದಾಗ ಸಾಬರ ಪರಿಚಯವಾಯಿತು. ಹದಿನೆಂಟು ವರ್ಷವಾಯಿತು. ಅವರ ತಂದೆ ಜಟಕಾ ಗಾಡಿಗಳ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದವರು. ಜಟಕಾ ಹೋದ ಮೇಲೆ ಮಗ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಲೇತ್ ಅಂಗಡಿ ಸೇರಿದ. ಎಂಜಿನ್ನಿನ ಸದ್ದು ಕೇಳಿ ಯಾವ ವಾಲ್ವು ಸೋರುತ್ತಿದೆ ಎಂದು ಹೇಳುವ ಕಿವಿ ಅಲ್ಲಿ ಬಂತಂತೆ. ಸಿಟ್ಟು ಎಲ್ಲಿಂದ ಬಂತು ಎಂದು ಅವರ ಹೆಂಡತಿ ಶರೀಫುನ್ನೀಸಾ ಅವರನ್ನು ಕೇಳಿದರೆ, "ಅದು ಹುಟ್ಟುವಾಗ್ಲೇ ಕಂಪನಿ ಫಿಟಿಂಗು" ಎನ್ನುತ್ತಾರೆ.

ಕಾರಿನ ವೇಗ ಹೆಚ್ಚಿಸಿಕೊಡಿ ಎಂದು ಬಂದವರಿಗೆಲ್ಲ ಅವರು ಮೊದಲು ಒಂದು ಪಾಠ ಮಾಡುತ್ತಿದ್ದರು. ಅದನ್ನು ನಾನು ಬೇಕಾದಷ್ಟು ಸಲ ಕೇಳಿದ್ದೇನೆ.

"ಕಂಪ್ರೆಷನ್ ಏರಿಸ್ತೀನಿ, ಓಡುತ್ತೆ. ಸಿಗ್ನಲ್ಲಲ್ಲಿ ಹತ್ ನಿಮಿಷ ನಿಂತ್ರೆ ಕುದಿಯುತ್ತೆ. ಗಾಡಿ ತಗ್ಗಿಸ್ತೀನಿ, ತಿರುವಲ್ಲಿ ನೆಲಕ್ಕೆ ಅಂಟ್ಕೊಳುತ್ತೆ. ಹಂಪ್ ಬಂದ್ರೆ ಹೊಟ್ಟೆ ತರ್ಚ್ಕೊಳುತ್ತೆ. ಎಸಿ ಕಿತ್ತಾಕ್ತೀನಿ, ಹಗುರ ಆಗುತ್ತೆ. ಹೆಂಡ್ತಿ ಜೊತೇಲಿ ಬರಲ್ಲ. ಮಾರೋಕೆ ಹೋದ್ರೆ ಯಾವನೂ ಅರ್ಧ ಬೆಲೆ ಕೊಡಲ್ಲ. ಬೇಕಾದ್ದು ತಗೊಳ್ಳಿ, ಹೋಗಿದ್ದಕ್ಕೆ ನನ್ನತ್ರ ಬಂದು ಅಳಬೇಡಿ."

ಈ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಂಡವನು ಗುಬ್ಬಿಯ ಹನುಮಂತರಾಜು. ಎಲ್ಲರಿಗಿಂತ ಬೇಗ ಮರೆತವನೂ ಅವನೇ.

ಹನುಮಂತರಾಜುವಿನದು ಗುಬ್ಬಿಯಲ್ಲಿ ಕೊಬ್ಬರಿ ಮಂಡಿ. 2011ರಲ್ಲಿ ಅವನು ಗೋವಾ ಕಡೆಯಿಂದ ಒಂದು ಕೆಂಪು ಕಾರು ಕೊಂಡು ತಂದ. ಎರಡೇ ಸೀಟು, ಮೇಲೆ ಬಟ್ಟೆಯ ಹೊದಿಕೆ, ಫೈಬರಿನ ಮೈ. ಆ ಜಾತಿಯ ಕಾರು ಕೆಲವೇ ನೂರು ತಯಾರಾಗಿ ನಿಂತುಹೋಗಿತ್ತು. ನೋಡಲು ಚಿರತೆಯಂತಿತ್ತು, ಒಳಗಿದ್ದದ್ದು ಅರವತ್ತು ಅಶ್ವಶಕ್ತಿಯ ಸಾಧು ಎಂಜಿನ್. ಗುಬ್ಬಿ ರಸ್ತೆಯಲ್ಲಿ ಟೆಂಪೋ ಒಂದು ಹಾರನ್ ಹೊಡೆದು ಅದನ್ನು ಹಿಂದೆ ಹಾಕಿ ಹೋದ ದಿನವೇ ಅವನು ಮನ್ಸೂರ್ ಸಾಬರ ಗ್ಯಾರೇಜಿಗೆ ಬಂದ.

"ಭಾಯ್, ಇದುಕ್ಕೆ ದೊಡ್ಡ ಎಂಜಿನ್ ಕೂರಿಸ್ಬೇಕು."

"ರಾಜಣ್ಣ, ಅಕ್ಕಿ ಮೇಲೂ ಆಸೆ, ನೆಂಟ್ರ ಮೇಲೂ ಪ್ರೀತಿ ಅನ್ನಂಗಿಲ್ಲ. ಇದು ಸಿಗದಿರೋ ಗಾಡಿ. ಹಿಂಗೇ ಇಟ್ರೆ ನಾಳೆ ಬೆಲೆ ಬರುತ್ತೆ. ಎಂಜಿನ್ ಬದಲಾಯಿಸಿದ್ರೆ ಓಡುತ್ತೆ, ಬೆಲೆ ಸಾಯುತ್ತೆ. ಯಾವ್ದು ಬೇಕು ಹೇಳು."

"ಬೆಲೆ ಕಟ್ಕೊಂಡು ಏನ್ ಮಾಡ್ಲಿ? ಓಡ್ಬೇಕು."

"ಹಂಗಾದ್ರೆ ಆರ್‌ಟಿಓಲಿ ಕೇಳ್ಕೊಂಡು ಹೊಸ ಎಂಜಿನ್ ನಂಬರ್ ಬರ್ಸು."

"ಆಗ್ಲಿ ಬುಡು, ಬರೆಸ್ತೀನಿ."

ಬರೆಸಲಿಲ್ಲ.

ಅಪಘಾತವಾಗಿ ಗುಜರಿಗೆ ಬಂದಿದ್ದ ಒಂದು ಜಪಾನಿ ಕಾರಿನ ಎಂಜಿನ್ನನ್ನು ಸಾಬರು ಗೇರ್ ಬಾಕ್ಸ್ ಸಮೇತ ತಂದು, ನಾಲ್ಕು ತಿಂಗಳು ಕೂತು ಆ ಪುಟ್ಟ ಕಾರಿನೊಳಗೆ ಇಳಿಸಿದರು. ನೂರ ಹತ್ತು ಅಶ್ವಶಕ್ತಿ. ರೇಡಿಯೇಟರ್ ಬದಲಾಯಿಸಿದರು, ಬ್ರೇಕು ಬದಲಾಯಿಸಿದರು, ಎಂಜಿನ್ನಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟನ್ನು ಎರಡು ಕಾರುಗಳ ತುಂಡು ಸೇರಿಸಿ ಬೆಸೆದರು. ಮೊದಲ ದಿನ ಅದರಲ್ಲಿ ಕೂತು ಗುಬ್ಬಿಗೆ ಹೋಗಿ ಬಂದ ನಾನು ದಾರಿಯುದ್ದಕ್ಕೂ ಬಾಗಿಲಿನ ಹಿಡಿಕೆ ಬಿಡಲಿಲ್ಲ. ಮಣ್ಣಿನ ಟ್ರ್ಯಾಕಿನ ರೇಸುಗಳಲ್ಲಿ ರಾಜು ಮೂರು ಕಪ್ ಗೆದ್ದ. ಪ್ರತಿ ಸಲವೂ ಸಾಬರನ್ನು ಮನೆಗೆ ಕರೆದು ಊಟ ಹಾಕಿಸಿದ. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡೇ ಅಣ್ಣ ತಮ್ಮಂದಿರಂತಿದ್ದರು.

ತೆಗೆದ ಹಳೆಯ ಎಂಜಿನ್ ಗ್ಯಾರೇಜಿನ ಹಿಂದೆ ಐದು ವರ್ಷ ಟಾರ್ಪಾಲಿನ ಕೆಳಗೆ ಬಿದ್ದಿತ್ತು. 2016ರಲ್ಲಿ ನಮ್ಮ ಐಟಿಐಗೆ ಪಾಠಕ್ಕೆ ಒಂದು ಎಂಜಿನ್ ಬೇಕಾಗಿತ್ತು. ಸೀಳಿ ತೋರಿಸಲು ಕೊಡುತ್ತೀರಾ ಎಂದು ಕೇಳಿದೆ. ಸಾಬರು ನನ್ನ ಎದುರಿಗೇ ರಾಜುವಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

"ರಾಜಣ್ಣ, ನಿನ್ ಹಳೇ ಎಂಜಿನ್ ಬಂದ್ ತಗೊಂಡೋಗ್ತೀಯಾ? ಇಲ್ಲಾಂದ್ರೆ ಕುಣಿಗಲ್ ಮೇಷ್ಟ್ರು ಕೇಳ್ತಾವ್ರೆ. ಸೀಳ್ತಾರಂತೆ."

"ಅಯ್ಯೋ, ಆ ಗುಜರಿ ನಂಗ್ಯಾಕೆ ಭಾಯ್. ಸೀಳ್ಲಿ, ಸುಡ್ಲಿ, ಕೊಟ್ಟಾಕು."

ನಾನು ಅದನ್ನು ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಬಂದೆ. ಒಂದು ತಿಂಗಳು ಕೆಲಸ ಮಾಡಿ ಎಂಜಿನ್ ಬ್ಲಾಕನ್ನು ಉದ್ದಕ್ಕೆ ಸೀಳಿದೆವು. ನೀರಿನ ದಾರಿಗೆ ನೀಲಿ, ಆಯಿಲ್ ದಾರಿಗೆ ಹಳದಿ, ಬೆಂಕಿ ಉರಿಯುವ ಜಾಗಕ್ಕೆ ಕೆಂಪು ಬಳಿದೆವು. ಹಿಡಿಕೆ ತಿರುಗಿಸಿದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವುದು ಕಾಣುತ್ತದೆ. ಬ್ಲಾಕಿನ ಮೇಲೆ ಅಚ್ಚೊತ್ತಿದ್ದ ಎಂಜಿನ್ ನಂಬರು ಮಾತ್ರ ಹಾಗೇ ಉಳಿದಿತ್ತು.

ಕಳೆದ ವರ್ಷ ರೇಣುಕಾಪ್ರಸಾದ್ ಎಂಬುವರು ಗುಬ್ಬಿಗೆ ಬಂದರು. ವಸಂತನರಸಾಪುರದಲ್ಲಿ ಫ್ಯಾಕ್ಟರಿ ಇರುವವರು, ಹಳೆಯ ಕಾರುಗಳನ್ನು ಕೂಡಿಡುವ ಹವ್ಯಾಸ. ರಾಜುವಿನ ಕಾರನ್ನು ಓಡಿಸಿ ನೋಡಿದರು. ಕೆಳಗಿಳಿದು ಬಾನೆಟ್ ಎತ್ತಿದರು.

"ಕಂಪನಿ ಎಂಜಿನ್ ಎಲ್ಲಿ?"

"ಇದು ಅದಕ್ಕಿಂತ ಡಬಲ್ ಸಾರ್! ಆರು ಲಕ್ಷ ಸುರ್ದಿದೀನಿ ಇದರ ಮೇಲೆ."

"ಓಡೋ ಗಾಡಿ ನನ್ನತ್ರ ಬೇಕಾದಷ್ಟಿವೆ, ರಾಜು. ನನಗೆ ಬೇಕಾಗಿರೋದು ಹುಟ್ಟಿದ ಹಾಗೇ ಇರೋ ಗಾಡಿ. ಹಳೇ ಎಂಜಿನ್, ಅದೇ ನಂಬರ್, ಒಳಗೆ ಕೂರಿಸಿಕೊಟ್ರೆ ಹನ್ನೆರಡು ಲಕ್ಷ. ಹೀಗೇ ಆದ್ರೆ ಎರಡೂವರೆ, ಅದೂ ನಿಮ್ಮ ಮುಖ ನೋಡಿ."

ಹದಿಮೂರು ವರ್ಷದ ಹಿಂದೆ ಸಾಬರು ಹೇಳಿದ್ದೂ ಇದನ್ನೇ. ಅವರ ಬಾಯಿಂದ ಬಂದಾಗ ಪಾಠವಾಗಿದ್ದ ಮಾತು, ದುಡ್ಡಿರುವವರ ಬಾಯಿಂದ ಬಂದಾಗ ರಾಜುವಿಗೆ ಬರೆ ಎಳೆದಂತಾಯಿತು. ಅವನು ನೇರವಾಗಿ ಗ್ಯಾರೇಜಿಗೆ ಹೋಗಿ ಹಳೆಯ ಎಂಜಿನ್ ಕೇಳಿದ. "ಸೀಳ್ತೀನಿ ಅಂದಿದ್ರು ಮೇಷ್ಟ್ರು. ಸೀಳಿದಾರೋ ಇಲ್ವೋ ನೋಡೋಣ ನಡಿ" ಎಂದು ಸಾಬರು ಅವನ ಜೀಪು ಹತ್ತಿದರು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇಬ್ಬರೂ ನಮ್ಮ ವರ್ಕ್‌ಶಾಪಿಗೆ ಬಂದರು. ಮೂಲೆಯ ಸ್ಟ್ಯಾಂಡಿನ ಮೇಲೆ ನೀಲಿ, ಹಳದಿ, ಕೆಂಪು ಬಳಿದುಕೊಂಡು ನಿಂತಿದ್ದ ಎಂಜಿನ್ನನ್ನು ರಾಜು ಹತ್ತಿರ ಹೋಗಿ ನೋಡಿದ.

"ಏನ್ರೀ ಮೇಷ್ಟ್ರೆ ಇದು?"

"ನಿಮ್ ಎಂಜಿನ್ನೇ. ಸೀಳಿದೀವಿ."

"ಹನ್ನೆರಡು ಲಕ್ಷದ ಮಾಲನ್ನ ಕಲ್ಲಂಗಡಿ ಕುಯ್ದಂಗೆ ಕುಯ್ದಿದೀರಲ್ರೀ!"

ಸಾಬರು ಬಗ್ಗಿ, ಕೊಯ್ದ ಅಂಚಿನ ಮೇಲೆ ಬೆರಳಾಡಿಸಿ, "ಇನ್ನು ಇದು ಸೇರಲ್ಲ, ರಾಜಣ್ಣ" ಎಂದರು. ರಾಜು ಅವರ ಭುಜ ಹಿಡಿದು ಪಕ್ಕಕ್ಕೆಳೆದ. ಪಕ್ಕ ಅಂದರೆ ನನ್ನಿಂದ ಆರು ಅಡಿ.

"ಭಾಯ್, ಇದೇ ಜಾತಿ ಬ್ಲಾಕು ಗುಜರಿಲಿ ಹುಡುಕಿದ್ರೆ ಸಿಗುತ್ತೆ. ಅದರ ನಂಬರ್ ಸವರಾಕಿ ಇದರ ನಂಬರ್ ಹೊಡಿ. ನಿನ್ ಕೈ ಅಚ್ಚು ಕಂಪನಿಯೋರ್ದಕ್ಕಿಂತ ಚೆನ್ನಾಗಿ ಬೀಳುತ್ತೆ. ನಿಂಗೆ ಎರಡು ಲಕ್ಷ."

"ನಂಬರ್ ಹೊಡಿಯೋದು ಕದ್ದ ಗಾಡಿಗೆ. ನಾನ್ ಹೊಡಿಯಲ್ಲ."

"ಯಾವನಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತಲ್ಲ."

"ಓಹೋ, ದೊಡ್ಡ ಸತ್ಯವಂತ! ನನ್ನ ಮಾಲು ಕಂಡೋರಿಗೆ ಕೊಡೋವಾಗ ಎಲ್ಲೋಗಿತ್ತು ಸತ್ಯ?"

"ಸುಡ್ಲಿ, ಕೊಟ್ಟಾಕು ಅಂದೋನು ನೀನು. ಗುಜರಿ ಅಂದೋನು ನೀನು."

ರಾಜುವಿನ ಮುಖ ಕಪ್ಪಾಯಿತು. ಅವನು ಆಡಿದ ಮಾತನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೆ ಅದನ್ನು ಬಿಟ್ಟರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ. "ಬುಡು. ನಿಮ್ ಜನದ್ ಬುದ್ಧಿನೇ ಇಷ್ಟು. ಕಂಡೋರ್ ಮಾಲೆಲ್ಲ ಗುಜರಿ ಅಂತ ನಿಮ್ಮನೆಗೇ ಸೇರ್ಬೇಕು" ಎಂದ.

ಬೈಗುಳಕ್ಕೆ ಹತ್ತು ಬೈಗುಳ ವಾಪಸು ಕೊಡುವ ಮನ್ಸೂರ್ ಸಾಬರು ಅವತ್ತು ಬೆರಳಿಗೆ ಅಂಟಿದ್ದ ಧೂಳು ಒರೆಸಿಕೊಂಡರು. ಆಚೆ ಹೋಗಿ, ಜೀಪಿನಲ್ಲಿಟ್ಟಿದ್ದ ತಮ್ಮ ಬ್ಯಾಗು ತೆಗೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನು ಹಿಂದೆಯೇ ಓಡಿದೆ.

"ನಾನ್ ಬಿಡ್ತೀನಿ ಬನ್ನಿ ಸಾಬ್ರೆ."

"ಬ್ಯಾಡ ಮೇಷ್ಟ್ರೆ. ಹದಿಮೂರು ವರ್ಷ ಅವನ ಮನೇಲಿ ಅನ್ನ ತಿಂದಿದೀನಿ. ನಂಗೀಗ ಯಾರ ಮುಖಾನೂ ನೋಡೋಕಾಗಲ್ಲ."

ನಾಲ್ಕನೇ ದಿನ ರಾಜು ಠಾಣೆಗೆ ದೂರು ಕೊಟ್ಟ. ರಿಪೇರಿಗೆ ಬಿಟ್ಟಿದ್ದ ಕಾರಿನಿಂದ ಬೆಲೆಬಾಳುವ ಎಂಜಿನ್ನನ್ನು ಮೆಕ್ಯಾನಿಕ್ ಕದ್ದು ಮಾರಿದ್ದಾನೆ ಎಂದು. ಅದಕ್ಕೂ ಮೊದಲು ಸಂತೆಯ ದಿನ ಗುಬ್ಬಿಯ ತುಂಬ ಅದನ್ನೇ ಹೇಳಿಕೊಂಡು ತಿರುಗಿದ. ನನಗೂ ಠಾಣೆಯಿಂದ ಫೋನ್ ಬಂತು. ನಮ್ಮ ಪ್ರಿನ್ಸಿಪಾಲರು, "ಗುರುಸಿದ್ದಯ್ಯನೋರೆ, ಎಂಜಿನ್ ಎಲ್ಲಿಂದ ಬಂತೋ ನೆನಪಿಲ್ಲ ಅಂದ್ಬಿಡಿ. ಸಂಸ್ಥೆ ಹೆಸರು ಬೇಡ" ಎಂದರು. ಎರಡು ದಿನ ನಾನೂ ಹಾಗೇ ಹೇಳಿಬಿಡೋಣ ಎಂದುಕೊಂಡಿದ್ದೆ. ಸುಳ್ಳಾಡಿ ಪ್ರಯೋಜನವಿಲ್ಲ, ನಾನು ಅಂಜುಬುರುಕ. ಮೂರನೆಯ ದಿನ ಶರೀಫುನ್ನೀಸಾ ಅವರು ಫೋನ್ ಮಾಡಿ, "ಮೇಷ್ಟ್ರೆ, ನಮ್ಮನೆಯೋರು ಊಟ ಬಿಟ್ಟವ್ರೆ" ಎಂದಷ್ಟೇ ಹೇಳಿ ಇಟ್ಟರು. ಹೋದೆ.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಎದುರು ರಾಜು ಒಂದು ಕಡೆ, ಸಾಬರು ಇನ್ನೊಂದು ಕಡೆ. ಸ್ಪೀಕರಿನಲ್ಲಿ ಕೇಳಿದ ಮಾತನ್ನು ಅಕ್ಷರ ಬಿಡದೆ ಹೇಳಿದೆ. "ಮೇಷ್ಟ್ರಿಗೂ ಪಾಲು ಹೋಗಿದೆ ಸಾರ್" ಎಂದ ರಾಜು. ಇನ್ಸ್‌ಪೆಕ್ಟರ್ ಅವನನ್ನು ಸುಮ್ಮನಿರಿಸಿ ಕಾರಿನ ಆರ್‌ಸಿ ಕೇಳಿದರು. ಓದಿದರು. ಮತ್ತೊಮ್ಮೆ ಓದಿದರು.

"ಇದ್ರಲ್ಲಿ ಹಳೇ ಎಂಜಿನ್ ನಂಬರೇ ಇದೆಯಲ್ರೀ. ಆ ಎಂಜಿನ್ ಕುಣಿಗಲ್ಲಲ್ಲಿದೆ ಅಂತೀರಾ. ಹಂಗಾದ್ರೆ ಈಗ ಗಾಡಿಲಿ ಓಡ್ತಾ ಇರೋದು ಯಾರ ಎಂಜಿನ್ನು?"

ರಾಜು ಆರ್‌ಸಿಗೆ ಕೈ ಚಾಚಿದ, ಇನ್ಸ್‌ಪೆಕ್ಟರ್ ಕೊಡಲಿಲ್ಲ.

"ಹದಿಮೂರು ವರ್ಷ ಯಾರಿಗೂ ಹೇಳ್ದೆ ಬೇರೆ ಎಂಜಿನ್ ಹಾಕ್ಕೊಂಡು ರೋಡಲ್ಲಿ ಓಡ್ಸಿದೀರಾ. ದೂರು ಆಮೇಲ್ ನೋಡೋಣ. ಮೊದ್ಲು ಗಾಡಿ ತಂದ್ ನಿಲ್ಸಿ."

ಕಾರನ್ನು ಜಪ್ತಿ ಮಾಡಿ ಆರ್‌ಟಿಓಗೆ ಒಪ್ಪಿಸಿದರು. ದಂಡ ಬಿತ್ತು. ಮೂಲ ಎಂಜಿನ್ ಕೂರಿಸುವವರೆಗೆ ರಸ್ತೆಗೆ ಇಳಿಸುವಂತಿಲ್ಲ ಎಂದು ಬರೆಸಿಕೊಂಡು ಬಿಟ್ಟುಕೊಟ್ಟರು. ಮೂಲ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ರೇಣುಕಾಪ್ರಸಾದ್ ಆ ಕಡೆ ತಲೆಹಾಕಲಿಲ್ಲ.

ಇಲ್ಲಿಗೆ ಸಾಬರು ಗೆದ್ದರು ಎಂದುಕೊಂಡರೆ ಅದು ತಪ್ಪು. ಗ್ಯಾರೇಜಿನ ಹೆಸರು ಒಮ್ಮೆ ಠಾಣೆಯ ಬಾಯಿಗೆ ಬಿದ್ದ ಮೇಲೆ ಅಲ್ಲಿಂದ ಹೊರಬಂದ ಪ್ರತಿ ಕಾರನ್ನೂ ಪೊಲೀಸರು ಗುಬ್ಬಿ ಗೇಟಿನಲ್ಲಿ ನಿಲ್ಲಿಸಿ ಸೈಲೆನ್ಸರ್ ಬಗ್ಗಿ ನೋಡತೊಡಗಿದರು. ಭಾನುವಾರದ ಸಾಲು ಎರಡು ತಿಂಗಳಲ್ಲಿ ಕರಗಿತು. ಗುಬ್ಬಿ ಕಡೆಯವರಂತೂ ಪಂಚರ್ ಹಾಕಿಸುವುದಕ್ಕೂ ಬರಲಿಲ್ಲ. 'ಎಂಜಿನ್ ಕಳ್ಳ' ಎಂಬ ಮಾತು ನಿಜವೋ ಸುಳ್ಳೋ ಎಂದು ವಿಚಾರಿಸುವ ಪುರುಸೊತ್ತು ಯಾರಿಗಿತ್ತು? ಸಾಬರು ವಸಂತನರಸಾಪುರಕ್ಕೆ ಕೆಲಸಗಾರರನ್ನು ಒಯ್ಯುವ ಬಸ್ಸುಗಳ ಬ್ರೇಕು ಕಟ್ಟುವ ಕೆಲಸ ಹಿಡಿದರು. ಆ ಕಿವಿ, ಆ ಕೈ ಇರುವ ಮನುಷ್ಯ ದಿನವಿಡೀ ಬ್ರೇಕ್ ಲೈನಿಂಗಿನ ಧೂಳು ಕುಡಿಯಬೇಕಾಯಿತು.

ಒಂದು ಮಧ್ಯಾಹ್ನ ನಾನು ಗ್ಯಾರೇಜಿನಲ್ಲಿದ್ದಾಗ ರಾಜುವಿನ ಹೆಂಡತಿ ಶಶಿಕಲಾ ಆಟೋದಲ್ಲಿ ಬಂದರು. ಗಂಡನಿಗೆ ತಿಳಿಸದೆ ಬಂದಿದ್ದರು. ಸಾಬರು ಎದ್ದು ನಿಂತು, ಕೈ ಒರೆಸಿಕೊಂಡು ಕುರ್ಚಿ ಹಾಕಿದರು.

"ಅಣ್ಣ, ಅವ್ರು ಮನೇಲಿ ಯಾರತ್ರನೂ ಸರಿಯಾಗಿ ಮಾತಾಡ್ತಿಲ್ಲ. ದೂರು ವಾಪಸ್ ತಗೊಂಡವ್ರೆ. ನೀವೂ ಮರೆತ್ಬಿಡಿ. ಅವರೇ ಇಲ್ಲಿಗ್ ಬಂದ್ರೆ ಮಾತಾಡಿಸ್ತೀರಾ?"

"ನೀನ್ ಬಂದಿದ್ದಕ್ಕೆ ಟೀ ಕುಡ್ಕೊಂಡ್ ಹೋಗು ತಾಯಿ. ನಿನ್ ಮೇಲೆ ನಂಗೇನೂ ಇಲ್ಲ. ಅವನು ಇಲ್ಲಿಗ್ ಬರೋದ್ ಬ್ಯಾಡ. ಗುಬ್ಬಿ ಸಂತೇಲಿ ನಿಂತು ಕಳ್ಳ ಅಂದ್ನಲ್ಲ, ಅದೇ ಸಂತೇಲಿ, ಅಷ್ಟೇ ಜೋರಾಗಿ, ಸುಳ್ಳು ಹೇಳ್ದೆ ಅನ್ಲಿ. ಕುಣಿಗಲ್ಲಲ್ಲಿ ಆಡಿದ ಇನ್ನೊಂದ್ ಮಾತಿದೆ. ಅದುನ್ನೂ ಸೇರಿಸ್ಕೊಂಡ್ ಹೇಳ್ಲಿ. ಆಮೇಲ್ ನೋಡೋಣ."

"ಯಾವ ಮಾತು ಅಣ್ಣ?"

"ಅವನ್ನೇ ಕೇಳು. ನಾನ್ ಬಾಯಲ್ಲಿ ಆಡಲ್ಲ."

ಶಶಿಕಲಾ ಟೀ ಮುಟ್ಟದೆ ಎದ್ದುಹೋದರು. ರಾಜು ಸಂತೆಯಲ್ಲಿ ಏನೂ ಹೇಳಲಿಲ್ಲ.

ಕೊನೆಗೆ ಆ ಕಾರನ್ನು ಇಂಪನಾ ಎಂಬ ಹೆಣ್ಣುಮಗಳು ಕೊಂಡಳು. ತುಮಕೂರಿನವಳು, ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಎಂಜಿನಿಯರ್, ಸಂಬಳದಲ್ಲಿ ಅರ್ಧ ರೇಸಿಗೆ ಸುರಿಯುವವಳು. ಟ್ರ್ಯಾಕಿನಲ್ಲಿ ಮಾತ್ರ ಓಡಿಸುವವರಿಗೆ ಆರ್‌ಸಿ ಬೇಕಿಲ್ಲ, ಹುಟ್ಟಿದ ಎಂಜಿನ್ನೂ ಬೇಕಿಲ್ಲ. ರೇಣುಕಾಪ್ರಸಾದ್ ಹೇಳಿದ್ದ ಎರಡೂವರೆಗೂ ಕಡಿಮೆಗೆ ಅದು ಅವಳ ಕೈಸೇರಿತು. ಲಾರಿಯ ಮೇಲೆ ಹಾಕಿಸಿಕೊಂಡು ಅವಳು ಸೀದಾ ಗುಬ್ಬಿ ಗೇಟಿಗೆ ತಂದಳು.

"ಅಂಕಲ್, ಇದನ್ನ ಕಟ್ಟಿದ್ದು ನೀವೇ ಅಂತೆ."

"ಅಂಕಲ್ ಗಿಂಕಲ್ ಅನ್ಬೇಡ. ಆ ಮನುಷ್ಯ ಕೂತಿದ್ದ ಗಾಡಿ ನಾನ್ ಮುಟ್ಟಲ್ಲ."

"ಈಗ ನಾನ್ ಕೂರೋದಲ್ವಾ?"

ಸಾಬರು ಅವಳನ್ನು ದುರುಗುಟ್ಟಿ ನೋಡಿದರು. ಆಮೇಲೆ ಬಾನೆಟ್ ಎತ್ತಿ, "ಯಾವ ಕತ್ತೆ ಇದರ ಟ್ಯೂನಿಂಗ್ ಕೆಡ್ಸಿದ್ದು?" ಎಂದು ಕೂಗಿದರು. ಮೂರು ವಾರ ಕೆಲಸ ನಡೆಯಿತು. ಮೂರು ವಾರವೂ ಆ ಹುಡುಗಿಗೆ ಬೈಗುಳ, ಅವಳಿಗೆ ಅದರ ಪರಿವೆಯೇ ಇಲ್ಲ.

ಈ ಫೆಬ್ರವರಿಯಲ್ಲಿ ಯಡಿಯೂರಿನ ಆಚೆ ಒಂದು ಖಾಲಿ ಬಯಲಿನಲ್ಲಿ ಮಣ್ಣಿನ ಟ್ರ್ಯಾಕಿನ ರೇಸು ನಡೆಯಿತು. ಸಾಬರು ನನ್ನ ಕಾರಿನಲ್ಲಿ ಬಂದರು. ಹಗ್ಗ ಕಟ್ಟಿದ ಆಚೆ ಬದಿಯಲ್ಲಿ ಹನುಮಂತರಾಜುವೂ ನಿಂತಿದ್ದ. ಸಾಬರು ನೋಡಿದರು, ಅವನೂ ನೋಡಿದ. ಇಬ್ಬರೂ ಬೇರೆ ಕಡೆ ತಿರುಗಿದರು.

ಇಂಪನಾ ಓಡಿಸುತ್ತಿದ್ದ ಕೆಂಪು ಕಾರು ಮೊದಲ ಸುತ್ತಿನಿಂದಲೇ ಮುಂದಿತ್ತು. ಹೊಸ ಕಾಲದ ಕಾರುಗಳು ತಿರುವಿನಲ್ಲಿ ತಡವರಿಸುತ್ತಿದ್ದರೆ ಇದು ಧೂಳೆಬ್ಬಿಸಿ ಜಾರಿಕೊಂಡು ಹೋಗುತ್ತಿತ್ತು. ಇನ್ನೊಂದೇ ಸುತ್ತು ಬಾಕಿ ಇರುವಾಗ ಬಂಡೆ ಒಡೆದಂತೆ ಸದ್ದಾಯಿತು. ಎಂಜಿನ್ ಕೂಗುತ್ತಲೇ ಇತ್ತು, ಚಕ್ರ ತಿರುಗಲಿಲ್ಲ. ಉಳಿದವರೆಲ್ಲ ಅದನ್ನು ದಾಟಿ ಹೋದರು.

"ನೋಡಿದ್ರಾ ಅವನ್ ಕೆಲ್ಸ!" ರಾಜು ಎರಡೂ ಕೈ ಎತ್ತಿ ಎಲ್ಲರಿಗೂ ಕೇಳುವಂತೆ ಕೂಗಿದ. "ಇದುನ್ನೇ ನಾನು ಹೇಳಿದ್ದು! ಗುಜರಿ ಕೆಲ್ಸ!"

ಕೆಲವರು ನಕ್ಕರು. ಸಾಬರು ಹಗ್ಗದ ಕೆಳಗೆ ನುಸುಳಿ ಬಯಲಿಗಿಳಿದರು. ರಾಜು ನಿಂತಿದ್ದ ದಿಕ್ಕಿಗೇ ಹೋಗುತ್ತಿದ್ದಾರೆ ಎಂದು ನಾನು ಹಿಂದೆಯೇ ಓಡಿದೆ. ರಾಜು ಕೂಡ ಒಂದು ಹೆಜ್ಜೆ ಹಿಂದೆ ಸರಿದ. ಆದರೆ ಅವರು ಅವನ ಮುಂದಿನಿಂದಲೇ, ಅವನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ನಡೆದುಹೋಗಿ, ಕಾರಿನ ಕೆಳಗೆ ಮಣ್ಣಿನಲ್ಲಿ ಅಂಗಾತ ಮಲಗಿದರು. ಎದ್ದಾಗ ಅವರ ಕೈಯಲ್ಲಿ ತುಂಡಾದ ಶಾಫ್ಟಿನ ಚೂರಿತ್ತು. ಹೆಲ್ಮೆಟ್ ತೆಗೆದು ನಿಂತಿದ್ದ ಇಂಪನಾಳ ಕೈಗೆ ಅದನ್ನು ಕೊಟ್ಟರು. ಸುತ್ತ ಜನ ಸೇರಿದ್ದರು, ರಾಜುವೂ ಕೇಳುವ ಅಳತೆಯಲ್ಲಿದ್ದ.

"ಇದು ನನ್ ತಪ್ಪು," ಎಂದರು ಜೋರಾಗಿ. "ಈ ಬೆಸುಗೆ ನಂದು. ಎಂಜಿನ್ ಜೋರು, ಶಾಫ್ಟ್ ತಡೆಯಲ್ಲ ಅಂತ ಅವತ್ತೇ ಅನುಮಾನ ಇತ್ತು. ಮೊನ್ನೆ ಬಿಚ್ಚಿದಾಗ್ಲೂ ನೋಡಿ ಬಿಟ್ಟೆ. ಬದಲಾಯಿಸ್ಬೇಕಿತ್ತು. ನೀನ್ ಸರಿಯಾಗೇ ಓಡಿಸ್ದೆ. ಬೇರೆ ಶಾಫ್ಟು ಮಾಡ್ಕೊಡ್ತೀನಿ, ದುಡ್ಡು ಬ್ಯಾಡ."

ನಗುತ್ತಿದ್ದವರು ಆ ಚೂರು ನೋಡಲು ಹತ್ತಿರ ಬಂದರು. ರಾಜು ಏನೋ ಹೇಳಲು ಹೊರಟ. ಯಾರೂ ಅವನ ಕಡೆ ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಜೀಪು ಹೆದ್ದಾರಿ ಕಡೆ ಹೋದದ್ದು ಕಂಡಿತು.

ಸಂಜೆ ಸಾಬರನ್ನು ತುಮಕೂರಿಗೆ ಬಿಡಲು ಹೊರಟೆ. ಕುಣಿಗಲ್ ದಾಟಿದ ಮೇಲೆ, "ಎಷ್ಟ್ ದಿನ ಸಾಬ್ರೆ ಇದು? ಇಬ್ಬರಿಗೂ ವಯಸ್ಸಾಯ್ತು. ಒಂದ್ ಮಾತಾಡಿ ಮುಗ್ಸಿ" ಎಂದೆ.

"ಬಸ್ ಸ್ಟಾಪಲ್ಲಿ ಇಳಿಸ್ತೀರಾ, ಸುಮ್ನಿರ್ತೀರಾ?"

ಸುಮ್ಮನಾದೆ. ಅವರು ಸುಮ್ಮನಾಗಲಿಲ್ಲ. ಹೆಬ್ಬೂರು ದಾಟುವವರೆಗೂ ಹನುಮಂತರಾಜುವನ್ನು ಬೈದರು, ಆಮೇಲೆ ನನ್ನ ಕಾರಿನ ಕ್ಲಚ್ಚನ್ನು ಬೈಯಲು ಶುರುಮಾಡಿದರು.